ಅರಿಸಿನದ ಮೇಲಿನ ಅಕ್ಷರ

ಹೊಳೆ ದಂಡೆಯ ಓಲೆಮಠದಲ್ಲಿ ಕರಿಬಸವ ಎಂಬ ಶಿಷ್ಯನಿದ್ದ. ತಾಳೆಗರಿಯ ಮೇಲೆ ಅವನು ಬರೆಯುವ ಅಕ್ಷರ ಎಷ್ಟು ಸಣ್ಣದೆಂದರೆ, ಇರುವೆಗಳು ಕೂಡ ಕಣ್ಣು ಕಿರಿದು ಮಾಡಿಕೊಂಡೇ ಅದರ ಮೇಲೆ ಹಾಯುತ್ತಿದ್ದವು.

ಒಮ್ಮೆ ಒಂದು ಸಾಸಿವೆ ಕಾಳಿನ ಮೇಲೆ ಗುರುವಿನ ಹೆಸರು, ಮಠದ ಹೆಸರು, ಹೊಳೆಯ ಹೆಸರು ಬರೆದು, ಮಿಕ್ಕ ಜಾಗ ಯಾಕೆ ಹಾಳು ಎಂದು ಸುತ್ತ ಒಂದು ಬಳ್ಳಿಯನ್ನೂ ಬಿಡಿಸಿದ್ದ. ಸಾಕ್ಷಿಗೆ ಆ ಕಾಳನ್ನೇ ತೋರಿಸಬಹುದಿತ್ತು. ಆದರೆ ಜೊತೆಯ ಶಿಷ್ಯ ಹುಚ್ಚವೀರ ಅದನ್ನು ಒಗ್ಗರಣೆಗೆ ಹಾಕಿಬಿಟ್ಟ. ಅವತ್ತಿನ ಸಾರು ಉಂಡವರೆಲ್ಲ ಸಂಜೆಯವರೆಗೆ ಪದ್ಯದಲ್ಲೇ ಮಾತಾಡಿದರು.

ಹುಚ್ಚವೀರನ ಅಕ್ಷರದ ಕಥೆಯೇ ಬೇರೆ. ಓಲೆ ಗೀರುವ ಕಬ್ಬಿಣದ ಮೊನೆಗೆ ಕಂಟ ಅನ್ನುತ್ತಾರೆ. ಅವನು ಕಂಟ ಹಿಡಿದರೆ ಗರಿ ನರಳುವುದು ಆಚೆ ದಡಕ್ಕೆ ಕೇಳುತ್ತಿತ್ತು. ಒಂದು ಗರಿಯಲ್ಲಿ ಬರೆದದ್ದು ಕೆಳಗಿನ ಗರಿಯಲ್ಲೂ ಮೂಡುತ್ತಿತ್ತು, ಅದರಡಿಯ ಹಲಗೆಯಲ್ಲೂ ಮೂಡುತ್ತಿತ್ತು. ಅವನು ಕೂತು ಬರೆದ ಜಗಲಿಯನ್ನು ಈಗಲೂ ಓದಬಹುದು.

ಇವರಿಬ್ಬರ ಗುರು ಅಡವಯ್ಯ. ಎಲ್ಲರ ಬಾಯಲ್ಲಿ ಅಜ್ಜ.

ಅಜ್ಜನಿಗೂ ಒಬ್ಬ ಗುರು ಇದ್ದಳು. ನೀಲವ್ವ. ಅವಳು ತನ್ನ ಕೈಯಾರೆ ಒಂದು ಪುಸ್ತಕ ಬರೆದಿದ್ದಳು, ಅದರ ಕೊನೆಯ ಗರಿಗಳನ್ನು ಹಾಸಿಗೆ ಹಿಡಿದು ಮಲಗಿದ್ದಾಗ ಬರೆದಿದ್ದಳು. ಕಂಟ ಕೆಳಗಿಟ್ಟಳು, ಉಸಿರೂ ಬಿಟ್ಟಳು. ಆ ಪುಸ್ತಕಕ್ಕೆ ಇನ್ನೊಂದು ಪ್ರತಿ ಇರಲಿಲ್ಲ.

ಅಜ್ಜ ಅದನ್ನು ಎಷ್ಟೋ ಸಲ ಓದಿದ್ದರು. ಆದರೆ ಕೊನೆಯ ಆ ಒಂದು ಹಿಡಿ ಗರಿಗಳನ್ನು ಮಾತ್ರ ಓದಿರಲಿಲ್ಲ.

"ಯಾಕಜ್ಜಾ?" ಎಂದು ಕೇಳಿದರೆ, "ಸಾಯೋ ಹೊತ್ತಿನಲ್ಲಿ ಅವ್ವ ಬರೆದದ್ದು. ಅದನ್ನು ಓದಲಿಕ್ಕೆ ನನಗೆ ಇನ್ನೂ ಯೋಗ್ಯತೆ ಬಂದಿಲ್ಲ. ಬರಲಿ" ಅನ್ನುತ್ತಿದ್ದರು.

ತಲೆ ಕಪ್ಪಿದ್ದಾಗ ಆಡಿದ ಮಾತು. ತಲೆ ಬೆಳ್ಳಗಾಯಿತು, ಆಮೇಲೆ ಬೋಳೂ ಆಯಿತು. ಯೋಗ್ಯತೆ ಇನ್ನೂ ದಾರಿಯಲ್ಲೇ ಇತ್ತು.

ನೀಲವ್ವ ಇದ್ದ ಕೋಣೆ ಹಾಗೇ ಇತ್ತು. ಅಜ್ಜ ಅದರ ಹೊಸ್ತಿಲ ತನಕ ಹೋಗುತ್ತಿದ್ದರು, ನಿಲ್ಲುತ್ತಿದ್ದರು, ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. "ಕಾಲು ತೊಳೆದು ಬರ್ತೀನಿ" ಎಂದು ಹೊಳೆಗಿಳಿಯುತ್ತಿದ್ದರು. ತೊಳೆದು ಮೆಟ್ಟಿಲು ಹತ್ತುವಷ್ಟರಲ್ಲಿ ಮತ್ತೆ ಮರಳು ಮೆತ್ತುತ್ತಿತ್ತು. ಮತ್ತೆ ಇಳಿಯುತ್ತಿದ್ದರು. ಅಜ್ಜ ಕಾಲು ತೊಳೆದೂ ತೊಳೆದೂ ಹೊಳೆಯ ಮೊಸಳೆಗಳು ಬೇಸತ್ತು ಬೇರೆ ಊರಿಗೆ ಹೋದವು. ಅಜ್ಜ ಮಾತ್ರ ಆ ಕೋಣೆಯೊಳಗೆ ಕಾಲಿಡಲಿಲ್ಲ. ಪುಸ್ತಕ ಬೇಕಾದರೆ ಶಿಷ್ಯರನ್ನು ಕಳಿಸುತ್ತಿದ್ದರು.

ಈಗ ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಪುಸ್ತಕಕ್ಕೆ ಹುಳ ಬಿದ್ದಿತ್ತು.

"ಕರಿಬಸವಾ, ಹೊಸ ಪ್ರತಿ ಬರೆ" ಎಂದರು. "ಅವ್ವನ ಪುಣ್ಯದಿನಕ್ಕೆ ಮುಗಿಸು. ಅವತ್ತು ಸಂಜೆ ಊರವರ ಮುಂದೆ ನೀನು ಮೊದಲಿಂದ ಕೊನೆಯವರೆಗೆ ಓದಬೇಕು. ಕೊನೆಯ ಗರಿಗಳನ್ನೂ. ನಾನು ಓದುವ ಕಾಲವಂತೂ ಹೋಯಿತು. ಕೇಳಿಯಾದರೂ ಹೋಗ್ತೀನಿ."

ಕರಿಬಸವನ ಎದೆ ಕಡುಬಿನ ಹಾಗೆ ಉಬ್ಬಿತು.

ಓಲೆ ಬರೆಯುವುದಕ್ಕೆ ಒಂದು ಕ್ರಮವಿದೆ. ಗರಿಗೆ ಮೊದಲು ಅರಿಸಿನ ಬಳಿದು ಒಣಗಿಸಬೇಕು. ಕಂಟದಿಂದ ಗೀರಿದರೆ ಹಳದಿಯ ಮೇಲೆ ಅಕ್ಷರ ಬೆಳ್ಳಗೆ ಕಾಣುತ್ತದೆ. ಎಲ್ಲ ಮುಗಿದ ಮೇಲೆ ದೀಪದ ಮಸಿಗೆ ಸೊಪ್ಪಿನ ರಸ ಕಲಸಿ ಗರಿಗೆ ತಿಕ್ಕಬೇಕು, ಬಟ್ಟೆಯಿಂದ ಒರೆಸಬೇಕು. ಅರಿಸಿನ ಹೋಗುತ್ತದೆ, ಗೀರಿನೊಳಗೆ ಮಸಿ ನಿಲ್ಲುತ್ತದೆ. ಆಮೇಲೆ ಒಬ್ಬ ಹಳೆಯ ಪ್ರತಿ ಓದಬೇಕು, ಇನ್ನೊಬ್ಬ ಹೊಸದರಲ್ಲಿ ಬೆರಳಿಟ್ಟು ತಾಳೆ ನೋಡಬೇಕು. ಇಷ್ಟಾದ ಮೇಲೆ ಹಳೆಯದನ್ನು ಹೊಳೆಗೆ ಬಿಡುವುದು. ಹುಳವೂ ಅದರ ಜೊತೆಗೇ ಹೋಗಲಿ ಎಂದು.

ಕರಿಬಸವ ಬರೆಯತೊಡಗಿದ. ಇವತ್ತಿನ ಅಕ್ಷರ ನಿನ್ನೆಯದಕ್ಕಿಂತ ಸಣ್ಣದಾಗಬೇಕು, ನಾಳೆಯದು ಇವತ್ತಿನದಕ್ಕಿಂತ. ಅದು ಅವನ ಹಟ.

ಸಂಜೆ ಅಜ್ಜ ಕೇಳುತ್ತಿದ್ದರು. "ಇವತ್ತು ಏನು ಬರೆದೆ?"

"ಎರಡು ಗರಿ, ಅಜ್ಜಾ."

"ಎಷ್ಟು ಅಂತ ಕೇಳಲಿಲ್ಲ. ಏನು ಅಂತ ಕೇಳಿದೆ."

"ನಿನ್ನೆಗಿಂತ ನಯವಾಗಿ ಬರೆದೆ, ಅಜ್ಜಾ. ಕಂಟ ಗರಿಗೆ ತಾಗಿದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ."

ಅಜ್ಜ "ಹೂಂ" ಎಂದು ಎದ್ದು ಹೋಗುತ್ತಿದ್ದರು.

ಕೊನೆಯ ಗರಿಗಳಿಗೆ ಬಂದಾಗ ಅಜ್ಜ ಕೇಳುವುದನ್ನೂ ಬಿಟ್ಟರು. ಒಮ್ಮೆ ಮಾತ್ರ ಬಾಗಿಲ ಬಳಿ ಬಂದು, "ಏನಿದೆಯೋ ಅದರಲ್ಲಿ..." ಎಂದರು. ಕರಿಬಸವ ತಲೆ ಎತ್ತುವಷ್ಟರಲ್ಲಿ, "ಬೇಡ, ಬೇಡ, ಹೇಳಬೇಡ. ಅವತ್ತೇ ಕೇಳ್ತೀನಿ" ಎಂದು ಕೈಯಾಡಿಸುತ್ತ ಹೋಗಿಬಿಟ್ಟರು.

ಪುಣ್ಯದಿನ ಬಂತು. ಮಸಿ ಹೊಳೆಯಬೇಕೆಂದು ಕರಿಬಸವ ಬಳಿಯುವ ಕೆಲಸವನ್ನು ಅವತ್ತಿಗೇ ಇಟ್ಟುಕೊಂಡಿದ್ದ. ಬೆಳಗ್ಗೆ ಹುಚ್ಚವೀರ ಹಳೆಯ ಪುಸ್ತಕ ಹಿಡಿದು ಜಗಲಿಗೆ ಬಂದ.

"ಬಾರಪ್ಪಾ ಅಕ್ಷರಬ್ರಹ್ಮ. ಬೇಗ ಮಸಿ ಹಚ್ಚು. ತಾಳೆ ನೋಡೋಣ. ನಾನು ಓದ್ತೀನಿ, ನೀನು ಬೆರಳಿಡು."

"ನನ್ನ ಬರಹಕ್ಕೆ ತಾಳೆ ಬೇರೆ ನೋಡಬೇಕಾ?"

"ಓಹೋ! ಬೇಡವಾ? ಹಾಗಾದರೆ ಹಳೆಯದು ಇನ್ನೂ ಯಾಕೆ ಇಟ್ಟುಕೊಂಡಿದ್ದೀ? ಹೊಳೆಗೆ ಬಿಡು ನೋಡೋಣ. ಎದೆಗಾರ ಆದರೆ ಬಿಡು."

ಹುಚ್ಚವೀರ ಆಡಿದ್ದು ತಮಾಷೆಗೆ. ಕರಿಬಸವ ಎದ್ದ. ಅವನ ಕೈಯಿಂದ ಪುಸ್ತಕ ಕಸಿದುಕೊಂಡ. ಮೆಟ್ಟಿಲು ಇಳಿದ. ಸೆಳವಿನ ನಡುವಿಗೆ ಬಿಟ್ಟ.

"ಲೇ ಲೇ ಲೇ! ನಿಜವಾಗಲೂ ಬಿಟ್ಟೆಯಲ್ಲೋ!"

"ಹಲ್ಲು ಬಿದ್ದ ಪುಸ್ತಕ ಅದು. ಈಗ ಹೊಸದು ನೋಡು" ಎಂದ ಕರಿಬಸವ, ಕೈ ಒರೆಸಿಕೊಳ್ಳುತ್ತ.

ಮಸಿ ಕಲಸಿದ. ಮೊದಲ ಗರಿಗೆ ತಿಕ್ಕಿದ, ಒರೆಸಿದ. ಅಕ್ಷರ ಕಪ್ಪಗೆ ಎದ್ದು ನಿಂತವು. ಹುಚ್ಚವೀರ ಕೂಡ ಬಾಯಿ ಮುಚ್ಚಿಕೊಂಡು ನೋಡಿದ.

ನಡುವಿನ ಗರಿಗಳಲ್ಲಿ ಅಕ್ಷರ ಸ್ವಲ್ಪ ಮಾಸಲಾಗಿ ಬಂದವು. ಮುಂದಿನವು ಇನ್ನೂ ಮಾಸಲು.

ಕೊನೆಯ ಹಿಡಿಯ ಮೊದಲ ಗರಿ ಎತ್ತಿಕೊಂಡ. ತಿಕ್ಕಿದ. ಒರೆಸಿದ.

ಬಟ್ಟೆ ಹಳದಿಯಾಯಿತು. ಗರಿ ಬರಿದಾಯಿತು.

ಕರಿಬಸವ ಗರಿಯನ್ನು ಬಿಸಿಲಿಗೆ ಹಿಡಿದ. ಓರೆ ಮಾಡಿ ನೋಡಿದ. ಉಗುರಿನಿಂದ ಸವರಿದ. ಗರಿ ಮಗುವಿನ ಕೆನ್ನೆಯ ಹಾಗೆ ನುಣ್ಣಗಿತ್ತು.

ಇನ್ನೊಂದು ಗರಿ ತಗೊಂಡ. ಅದೂ ಹಾಗೇ. ಇನ್ನೊಂದು. ಮುಂದಿನದರಲ್ಲಾದರೂ ಇರುತ್ತದೆ, ಮುಂದಿನದರಲ್ಲಾದರೂ ಎಂದು ಒರೆಸುತ್ತಲೇ ಹೋದ. ಕೊನೆಯ ಗರಿಯ ಅರಿಸಿನವೂ ಬಟ್ಟೆಗೆ ಬಂತು.

"ಏನಾಯ್ತೋ?" ಎಂದ ಹುಚ್ಚವೀರ.

"ಅರಿಸಿನದ ಮೇಲೆ ಬರೆದಿದ್ದೀನಿ ಕಣೋ" ಎಂದ ಕರಿಬಸವ. "ಕಂಟ ಗರಿಗೆ ಇಳಿದೇ ಇಲ್ಲ."

ಇಬ್ಬರೂ ಹೊಳೆಯ ಕಡೆ ನೋಡಿದರು.

ಆಮೇಲೆ ಓಡಿದರು. ದಂಡೆಗುಂಟ, ಜೇಕು ಹುಲ್ಲು ಸೀಳಿಕೊಂಡು, ಮೊಣಕಾಲವರೆಗಿನ ಕೆಸರಲ್ಲಿ ಹೂತು ಎದ್ದು. ಕರಿಬಸವ ಪ್ರತಿ ಸುಳಿಗೂ ಕೈ ಹಾಕಿದ, ಪ್ರತಿ ಬಂಡೆಯ ಸಂದಿಗೂ ಇಣುಕಿದ. ಹೊಳೆ ತಿರುಗುವ ಜಾಗದಲ್ಲಿ ಪುಸ್ತಕದ ಒಂದು ಮರದ ಹಲಗೆ ಬೇರಿಗೆ ಸಿಕ್ಕಿಕೊಂಡಿತ್ತು. ಅದರ ತೂತಿನಲ್ಲಿ ದಾರ ಇತ್ತು. ದಾರದಲ್ಲಿ ಏನೂ ಇರಲಿಲ್ಲ.

ಮರಳಿ ಬರುವಾಗ ಹುಚ್ಚವೀರ ಮೊದಲ ಸಲ ಮೆಲ್ಲಗೆ ಮಾತಾಡಿದ. "ನಾನೂ ಪಾಲುದಾರ. ಕೆಣಕಿದವನು ನಾನು. ಇಬ್ಬರೂ ಹೋಗಿ ಅಜ್ಜನ ಕಾಲಿಗೆ ಬೀಳೋಣ."

"ಅಜ್ಜ ಇದಕ್ಕೇ ಬದುಕಿದ್ದಾರೆ ಕಣೋ. ಏನಂತ ಹೇಳಲಿ?"

"ಹೇಳದೆ ಇನ್ನೇನು ಮಾಡ್ತೀ?"

ಕರಿಬಸವ ಹೆಜ್ಜೆ ಬಿರುಸು ಮಾಡಿದ.

ಮಠದಲ್ಲಿ ಅಜ್ಜ ಆಗಲೇ ಮಿಂದು ಮಡಿಯುಟ್ಟಿದ್ದರು. ಕಾಲ ಸಪ್ಪಳ ಕೇಳಿ, "ಕರಿಬಸವನಾ? ಮಸಿ ಹಿಡಿಯಿತೇನೋ?" ಎಂದರು.

"ಹಿಡಿಯಿತು, ಅಜ್ಜಾ."

"ಕೊನೆಯ ಗರಿಗಳಿಗೂ?"

"ಹೂಂ" ಎಂದ.

ಅಜ್ಜನ ಮುಖ ಅರಳಿತು. ಆ ಮುಖವನ್ನು ಕರಿಬಸವ ಹೆಚ್ಚು ಹೊತ್ತು ನೋಡಲಾರದೆ ಹೋದ.

ತನ್ನ ಕೋಣೆ ಸೇರಿ ಅಗಳಿ ಹಾಕಿಕೊಂಡ. ನೆನಪು ಮಾಡಿಕೊಳ್ಳಲು ಕೂತ. ಬರೆದದ್ದು ತಾನೇ ತಾನೆ? ಕಣ್ಣು ಮುಚ್ಚಿದರೆ ಒಂದು ಕೊಂಬು ಕಂಡಿತು, ಎಷ್ಟು ಚೆಂದದ ಕೊಂಬು. ಒಂದು ಒತ್ತು ಕಂಡಿತು, ಮಲ್ಲಿಗೆ ಮೊಗ್ಗಿನ ಹಾಗೆ. ಮಾತು ಮಾತ್ರ ಕಾಣಲಿಲ್ಲ. ಕೊನೆಯ ಗರಿಗಳಲ್ಲಿ ನೀಲವ್ವ ಏನು ಹೇಳಿದ್ದಳು? ಲೋಕದಲ್ಲಿ ಅದನ್ನು ನೋಡಿದ ಕಣ್ಣು ಇವನ ಎರಡೇ. ಆ ಕಣ್ಣುಗಳು ಓದಿರಲೇ ಇಲ್ಲ.

ಬಿಸಿಲು ಇಳಿಯುತ್ತಿತ್ತು. ಹೊರಗೆ ಊರವರು ಚಾಪೆ ಹಾಸುವ ಸದ್ದು ಕೇಳಿತು.

ಕರಿಬಸವ ಬರಿದಾದ ಗರಿಗಳನ್ನು ಬದಿಗಿಟ್ಟ. ಬೇರೆ ಒಂದು ಹಿಡಿ ಹೊಸ ಗರಿ ತಗೊಂಡ. ಸಾಯುವ ಹೊತ್ತಿನಲ್ಲಿ ದೊಡ್ಡವರು ಏನು ಹೇಳಬಹುದೋ ಅದನ್ನು ತಾನೇ ಹೊಸೆದು ಬರೆಯತೊಡಗಿದ. ಕಾಯ, ದೋಣಿ, ದಡ, ಬೆಳಕು. ಹೆದರಿಕೆಗೆ ಅಕ್ಷರ ದಪ್ಪದಪ್ಪಗೆ ಬಂದವು, ಕಂಟ ಗರಿಯೊಳಗೆ ಇಳಿಯಿತು, ತಿಕ್ಕಿದ ಮಸಿ ಗೀರಿನಲ್ಲಿ ನಿಂತಿತು. ಮಿಂದು ಬರಲು ಹೊತ್ತಿರಲಿಲ್ಲ. ಕಾಲಿನ ಕೆಸರು ಒಣಗಿ ಬಿರಿಯುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಕಂಬಸಾಲೆ ತುಂಬಿತ್ತು. ಅಜ್ಜ ಕಂಬಕ್ಕೆ ಒರಗಿ ಕೂತರು. ಕರಿಬಸವ ಪುಸ್ತಕ ಬಿಚ್ಚಿದ. ಹುಚ್ಚವೀರ ದೀಪ ಹಿಡಿದು ಪಕ್ಕದಲ್ಲಿ ನಿಂತ. ಹೊಸ ಗರಿಗಳು ಅವನ ಕಣ್ಣಿಗೆ ಬಿದ್ದವು. ದೀಪ ಒಮ್ಮೆ ಅಲುಗಿತು. ಅವನು ಅದನ್ನು ಮತ್ತೆ ನೆಟ್ಟಗೆ ಹಿಡಿದ.

ಮೊದಲ ಗರಿಗಳು ಸರಾಗ ಸಾಗಿದವು. ನೀಲವ್ವನ ಮಾತಿಗೆ ಜನ ನಕ್ಕರು, ತಲೆದೂಗಿದರು. ಮಾಸಲು ಗರಿಗಳಿಗೆ ಬಂದಾಗ ಕರಿಬಸವ ಕಣ್ಣು ಕೀಲಿಸಿ ಓದಿದ.

ಕೊನೆಯ ಹಿಡಿಗೆ ಬಂದ.

"ಇದೇನಾ?" ಎಂದರು ಅಜ್ಜ.

"ಇದೇ, ಅಜ್ಜಾ."

ಅಜ್ಜ ನೆಟ್ಟಗೆ ಕೂತರು. ಎರಡೂ ಕೈ ಮುಗಿದುಕೊಂಡರು.

ಕರಿಬಸವ ಓದಿದ. "ಕಾಯವೆಂಬ ದೋಣಿ ದಡ ಸೇರುವ ಹೊತ್ತು. ಹುಟ್ಟು ಹಾಕಿದ ಕೈ ಹೊಳೆಯೇ ಆಗಿ ನಿಂತಿತು."

ಜನ "ಆಹಾ" ಎಂದರು. ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವ್ವಾ" ಎಂದರು ಅಜ್ಜ. ಪೊರೆ ಬಂದ ಆ ಕಣ್ಣುಗಳಿಂದ ನೀರು ಇಳಿದು ಗಡ್ಡದೊಳಗೆ ಹೋಯಿತು. "ಮುಂದೆ, ಮಗಾ. ಮುಂದೆ."

ಮುಂದಿನ ಗರಿ ಕರಿಬಸವನ ಕೈಯಲ್ಲೇ ಇತ್ತು. ಅಕ್ಷರ ದಪ್ಪಗಿದ್ದವು, ದೀಪ ಹತ್ತಿರವಿತ್ತು. ಓದಲು ಏನೂ ಅಡ್ಡಿ ಇರಲಿಲ್ಲ.

ಬಾಯಿ ತೆರೆಯಲಿಲ್ಲ.

"ಯಾಕೆ ನಿಲ್ಲಿಸಿದೆ?"

"ಅಜ್ಜಾ..."

"ಓದು ಮಗಾ."

"ಅಜ್ಜಾ, ಇದು ಅವ್ವನದಲ್ಲ."

ಕಂಬಸಾಲೆಯಲ್ಲಿ ಯಾರೋ ಕೆಮ್ಮಲು ಹೋಗಿ ನುಂಗಿಕೊಂಡರು. ಅಜ್ಜನ ಮುಗಿದ ಕೈ ಹಾಗೇ ಇತ್ತು.

"ಹಳೆಯ ಪುಸ್ತಕ?"

"ಬೆಳಗ್ಗೆ ಹೊಳೆಗೆ ಬಿಟ್ಟೆ. ತಾಳೆ ನೋಡಲಿಲ್ಲ."

"ಹೊಸದು?"

"ಕೊನೆಯ ಗರಿಗಳು ಬರಿದಾಗಿವೆ. ಅರಿಸಿನದ ಮೇಲೆ ಬರೆದಿದ್ದೆ. ಅರಿಸಿನದ ಜೊತೆ ಹೋಯಿತು."

"ಕೆಣಕಿದವನು ನಾನು, ಅಜ್ಜಾ" ಎಂದ ಹುಚ್ಚವೀರ. ಅವನ ಮಾತು ಅಜ್ಜನಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

"ಇವನನ್ನು ಹೊಳೆಯಾಚೆ ದಾಟಿಸಿ ಬನ್ನಿ" ಎಂದು ಊರಗೌಡ ಎದ್ದು ನಿಂತ. ಅಜ್ಜ ಕೈ ಎತ್ತಿದರು. ಗೌಡ ಕೂತ.

"ಬರೆಯುವಾಗ ನೀನು ಓದಿದೆಯಲ್ಲ, ಕರಿಬಸವಾ?" ಅಜ್ಜನ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡುವವರ ದನಿ ಅದು. "ಬಾಯಲ್ಲಿ ಹೇಳು. ಸಾಕು."

"ಅಕ್ಷರ ನೋಡಿದೆ ಅಜ್ಜಾ. ಓದಲಿಲ್ಲ."

ದೀಪದ ಬತ್ತಿ ಚಟಗುಟ್ಟಿತು.

"ನಾನೂ ಓದಲಿಲ್ಲ" ಎಂದರು ಅಜ್ಜ. "ಕಣ್ಣಿತ್ತು. ಪುಸ್ತಕ ಪಕ್ಕದ ಕೋಣೆಯಲ್ಲೇ ಇತ್ತು."

ಕರಿಬಸವನ ಕಡೆ ಕೈ ಚಾಚಿ, "ಒಂದು ಮಾತೂ ಉಳಿದಿಲ್ಲವೇನೋ?" ಎಂದರು.

ಕರಿಬಸವ ಹಣೆ ಒತ್ತಿಕೊಂಡ. ಒಂದು ಗರಿ ನೆನಪಾಯಿತು. ನರ ಎದ್ದ ಕೆಟ್ಟ ಗರಿ. ಕಂಟ ಆ ನರಕ್ಕೆ ತಾಗಿ ಜಾರಿತ್ತು. ಅವನು ಬೈದುಕೊಂಡು ಕೈ ನಿಲ್ಲಿಸಿದ್ದ. ಎಲ್ಲಿಗೆ ನಿಲ್ಲಿಸಿದೆ ಎಂದು ಹುಡುಕಲು ಆ ಒಂದು ಸಾಲನ್ನು ಬಾಯಿ ಬಿಟ್ಟು ಓದಿದ್ದ.

"ಒಂದು ಸಾಲಿದೆ, ಅಜ್ಜಾ. ಆದರೆ ಅದರಲ್ಲಿ ಏನೂ ಇಲ್ಲ. ಮನೆಮಾತು."

"ಹೇಳು."

"ಅಡವಿ ಬಾಗಿಲಲ್ಲಿ ನಿಂತಿದ್ದಾನೆ. ಒಳಗೆ ಬಾ ಅಂದರೆ, ಕಾಲು ತೊಳೆದಿಲ್ಲ ಅನ್ನುತ್ತಾನೆ."

ಹೇಳಿದ ಮೇಲೆ ಅದು ಅವನ ಕಿವಿಗೆ ಬಿತ್ತು. ಅಡವಿ ಅಂದರೆ ಅಡವಯ್ಯ ಎಂದು ಅವನಿಗೆ ಹೊಳೆದದ್ದು ಆಗ. ದೀಪ ಹಿಡಿದ ಹುಚ್ಚವೀರನಿಗೂ ಆಗಲೇ.

ಅಜ್ಜ ಅಲುಗಾಡಲಿಲ್ಲ. ತುಟಿ ಮಾತ್ರ ಆ ಸಾಲನ್ನು ಒಮ್ಮೆ ಆಡಿಕೊಂಡಿತು. ಆಮೇಲೆ ಎದೆಯೊಳಗಿಂದ ಒಂದು ಸದ್ದು ಬಂತು. ಅಳುವೋ ನಗುವೋ ಎಂದು ಜನ ಮುಖ ಮುಖ ನೋಡಿಕೊಂಡರು. ನಗು ಅದು. ಬೆನ್ನ ಹಿಂದಿನ ಕಂಬವೇ ಅಲ್ಲಾಡಿತು, ಮಾಡಿನ ಪಾರಿವಾಳ ಹಾರಿಹೋದವು.

ನಗು ನಿಂತ ಮೇಲೆ ಅಜ್ಜ ಕಣ್ಣೊರೆಸಿಕೊಂಡರು.

"ಆ ದೋಣಿಯ ಮಾತು ಯಾರದು?"

"ನನ್ನದು, ಅಜ್ಜಾ. ಹೆದರಿಕೊಂಡು ಬರೆದದ್ದು."

"ಕೆಟ್ಟದಾಗೇನೂ ಇಲ್ಲ. ಬೇರೆ ದಾರದಲ್ಲಿ ಕಟ್ಟು. ನಿನ್ನ ಹೆಸರು ಹಾಕು."

"ಬರಿಗರಿಗಳನ್ನು?"

"ಅವ್ವನ ಪುಸ್ತಕದಲ್ಲೇ ಕಟ್ಟು."

ಅಜ್ಜ ಕಂಬ ಹಿಡಿದು ಎದ್ದರು. ನೀಲವ್ವನ ಕೋಣೆಯ ಕಡೆ ನಡೆದರು. ಹೊಸ್ತಿಲ ಮುಂದೆ ನಿಂತರು. ಎಂದಿನಂತೆ ತಮ್ಮ ಕಾಲು ನೋಡಿಕೊಂಡರು. ಎಂದಿನಂತೆ ಹೊಳೆಯ ಮೆಟ್ಟಿಲ ಕಡೆ ತಿರುಗಿದರು.

ಒಂದು ಮೆಟ್ಟಿಲು ಇಳಿದರು ಅಜ್ಜ. ಇನ್ನೊಂದಕ್ಕೆ ಕಾಲು ಎತ್ತಿದರು. ಆ ಕಾಲು ಗಾಳಿಯಲ್ಲೇ ನಿಂತಿತು.

ತಿರುಗಿ ಬಂದರು. ಮರಳು ಮೆತ್ತಿದ ಕಾಲಲ್ಲೇ ಹೊಸ್ತಿಲು ದಾಟಿ ಒಳಗೆ ಹೋದರು. ಹಳೆಯ ಹಲಗೆಯ ಮೇಲೆ ಕೂತ ಸದ್ದು ಹೊರಗೆ ಕೇಳಿತು.

"ಕರಿಬಸವಾ!" ಒಳಗಿನಿಂದ ಕರೆದರು. "ಆ ಸಾಲು ಬರೆಯಬೇಕು. ಕಂಟ ತಗೊಂಡು ಬಾ."

ಕರಿಬಸವ ಕಂಟ ಹಿಡಿದು ಓಡಿದ. ಹೊಸ್ತಿಲಲ್ಲಿ ಗಕ್ಕನೆ ನಿಂತ. ಮೊಣಕಾಲವರೆಗೆ ಹೊಳೆಯ ಕೆಸರು ಹೆಪ್ಪುಗಟ್ಟಿತ್ತು.

"ಅಜ್ಜಾ, ಕಾಲು ಕೆಸರಾಗಿವೆ."

"ಇರಲಿ, ಬಾ" ಎಂದರು ಅಜ್ಜ. "ಈ ಸಲ ಒತ್ತಿ ಬರೆ."